ಹೆಸರು ಹೇಳಿದರೆ ಹತ್ತುವ ಲೈಟು

ದೀಪದ ಬುಡದಲ್ಲಿ ಪ್ಲಗ್ಗು ಎಂದು ದೊಡ್ಡವರು ಹೇಳಿದ್ದಾರೆ. ಹೇಳಿಲ್ಲ ಎಂದು ತಕರಾರು ತೆಗೆಯುವವರಿಗೆ ನನ್ನ ಉತ್ತರ ಇಷ್ಟೇ: ನಾನೂ ಐದಡಿ ಹನ್ನೊಂದಿಂಚು ದೊಡ್ಡವನೇ, ನಾನು ಹೇಳಿದ್ದೇನೆ. ಮುಂದಿನದೆಲ್ಲ ನಡೆದದ್ದು ನಡೆದ ಹಾಗೆ. ಇದರಲ್ಲಿ ಒಂದೇ ಒಂದು ಸುಳ್ಳಿದೆ, ಅದನ್ನು ಹೇಳಿದವನೂ ನಾನೇ.

ಚಳ್ಳಕೆರೆಯಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರಿಂದ ಹಿಡಿದು ಬೋರ್‌ವೆಲ್ ಮೋಟಾರಿನ ತನಕ ಎಲ್ಲರ ದನಿ ತೆಗೆಯುತ್ತಿದ್ದೆ. ಪ್ರಿನ್ಸಿಪಾಲರು ಬಿಟ್ಟುಹೋದರು, ಮೋಟಾರು ಕೈಹಿಡಿಯಿತು. ಎರಡು ತಿಂಗಳ ಹಿಂದೆ ಮೊಳಕಾಲ್ಮುರಿನ ರೇಷ್ಮೆ ನೇಕಾರ ಬೊಮ್ಮಲಿಂಗಪ್ಪ, ಎಪ್ಪತ್ತೆಂಟರ ಅಜ್ಜ, ಸೊಸೆ ಪವಿತ್ರಳನ್ನು ಕರೆದುಕೊಂಡು ಬಂದ. ಜಗಲಿಗೆ ಲೈಟು ಬೇಕಿತ್ತು: ಎದುರು ಯಾರಾದರೂ ಸುಳಿದರೆ ತಾನೇ ಹತ್ತುವಂಥದ್ದು, ಕೆಳಗೊಂದು ಪ್ಲಗ್ಗೂ ಇರುವಂಥದ್ದು. ಅಜ್ಜನ ಹೆಂಡತಿ ಯರ್ರಮ್ಮ ತೀರಿಕೊಂಡು ಆಗಲೇ ಐದು ತಿಂಗಳು. ಮಗ್ಗದ ಲಾಳಿಯಲ್ಲಿ ಕೂರುವ ನೂಲಿನ ಕಂಡಿಕೆಗಳನ್ನು ಆಕೆ ಜಗಲಿಯಲ್ಲಿ ಕೂತು ಕೈರಾಟೆಯಲ್ಲಿ ಸುತ್ತುತ್ತಿದ್ದಳಂತೆ. ಆ ಕೆಲಸಕ್ಕೆ ಪವಿತ್ರ ಪುಟ್ಟ ಮೋಟಾರು ತಂದಿದ್ದಳು.

ಲೈಟಿನಲ್ಲಿ ಎರಡು ಬಗೆ ತೋರಿಸಿದೆ. ಒಂದರ ಪ್ಲಗ್ಗಿನಲ್ಲಿ ಸದಾ ಕರೆಂಟು, ಇನ್ನೊಂದರಲ್ಲಿ ಲೈಟು ಉರಿಯುವಷ್ಟು ಹೊತ್ತು ಮಾತ್ರ. ಪವಿತ್ರ ಮೊದಲನೆಯದಕ್ಕೆ ಕೈಹಾಕಿದಳು.

"ಬ್ಯಾಡ," ಅಂದ ಅಜ್ಜ. "ಸದಾ ಕರೆಂಟಿದ್ರೆ ಎದುರುಮನೆ ಪಾತಣ್ಣ ತನ್ನ ಫೋನ್ ತಂದು ನಮ್ಮ ಜಗಲೀಲೇ ನೇತಾಕ್ತಾನೆ." ಎರಡನೆಯದನ್ನೇ ಆರಿಸಿದ. ಆಮೇಲೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ, "ಇದಕ್ಕೆ ನಾನು ಬಂದೀನಿ ಅಂತ ಹೆಂಗೆ ತಿಳೀತೈತೆ?"

ನನ್ನ ನಾಲಗೆಯ ತುರಿಕೆ ತಡೆಯಲಿಲ್ಲ. ಬಸ್‌ಸ್ಟ್ಯಾಂಡಿನ ಧ್ವನಿವರ್ಧಕದ ಹೆಣ್ಣು ದನಿ ತೆಗೆದು, "ದಯವಿಟ್ಟು ಅಲ್ಲಾಡದೆ ತಮ್ಮ ಪೂರ್ತಿ ಹೆಸರು ಹೇಳಿ" ಎಂದೆ. ಅಜ್ಜ ಬೆಚ್ಚಿ ಲೈಟನ್ನೇ ನೋಡಿದ. ಆಧಾರ್ ಫೋಟೋಗೆ ನಿಂತವನಂತೆ ನಿಂತು ಹೆಸರು ಹೇಳಿದ. ನಾನು ಅವನ ಬೆನ್ನ ಹಿಂದೆ ಕೈ ಬೀಸಿದೆ. ಲೈಟು ಹತ್ತಿತು. ನಮಸ್ಕಾರ ಮಾಡಿ ತೆಗೆದುಕೊಂಡು ಹೋದ.

ಅದೇ ಅಜ್ಜ, ಅದೇ ಲೈಟು, ಅದೇ ಸೊಸೆ ಮೊನ್ನೆ ಸಂಜೆ ಮಳೆಯಲ್ಲಿ ಒಳಗೆ ನುಗ್ಗಿದರು. ನಮ್ಮ ಊರಿಗೆ ಮಳೆ ಬಂದರೆ ಮೊದಲು ಹೋಗುವುದು ಕರೆಂಟು. ಕರೆಂಟಿನ ಅಂಗಡಿಯಲ್ಲೇ ಕರೆಂಟಿಲ್ಲದೆ ಟಾರ್ಚ್ ಹಚ್ಚಿಟ್ಟುಕೊಂಡಿದ್ದೆ. ಪಕ್ಕದಲ್ಲಿ ಹೂ ಮಾರುವ ಜಯಕ್ಕ ಬುಟ್ಟಿ ಎತ್ತಿಕೊಂಡು ನನ್ನಲ್ಲಿಗೇ ಬಂದಿದ್ದಳು. ಬೈಕ್ ನಿಲ್ಲಿಸಿ ಬಂದ ನಾಲ್ಕಾರು ಜನ ಬಾಗಿಲಲ್ಲಿದ್ದರು.

"ಬದಲಾಯಿಸಿ ಕೊಡ್ರಿ," ಅಂದಳು ಪವಿತ್ರ, ಲೈಟಿನ ಚೀಲವನ್ನು ಮೇಜಿನ ಮೇಲಿಟ್ಟು. "ಸದಾ ಕರೆಂಟ್ ಇರೋದೇ ಕೊಡ್ರಿ."

"ಏನಾಗಿದೆ ಇದಕ್ಕೆ?"

"ಏನಾಗೈತೆ ಅಂತ ನಾನ್ ಹೇಳ್ತೀನಿ!" ಅಜ್ಜ ಸ್ಟೂಲೆಳೆದು ಕೂತ. ಕೂತ ರಭಸಕ್ಕೇ ಗೊತ್ತಾಯಿತು, ಇದು ಬೇಗ ಮುಗಿಯುವ ಮಾತಲ್ಲ.

"ಕೇಳ್ರಪ್ಪ, ಎಲ್ರೂ ಕೇಳ್ರಿ, ನ್ಯಾಯ ನೀವೇ ಹೇಳ್ರಿ... ಆ ಮನೆ ಕಟ್ಸಿದೋನು ನಾನು, ಜಗಲಿಗೆ ಕಲ್ಲು ಹಾಸಿದೋನು ನಾನು, ಲೈಟು ಆರಿಸಿ ತಂದೋನೂ ನಾನು. ದಿನಾ ಹೊತ್ತು ಮುಳುಗೋಕೆ ಮುಂಚೆ ಹೋಗಿ ಜಗಲೀಲಿ ಕೂರ್ತೀನಿ, ಕತ್ತಲಾತಾ, ಇವನು ಹೇಳಿದಂಗೆ ಉಸಿರು ಬಿಗಿ ಹಿಡಿದು, ಕಣ್ಣು ಮಿಟುಕಿಸ್ದೆ, ಬೊಮ್ಮಲಿಂಗಪ್ಪ ಅಂತೀನಿ... ಹತ್ತಲ್ಲ. ಅಪ್ಪನ ಹೆಸರು ಸೇರಿಸ್ತೀನಿ, ಹತ್ತಲ್ಲ. ಊರು, ಹೋಬಳಿ, ತಾಲ್ಲೂಕು ಎಲ್ಲಾ ಹೇಳ್ತೀನಿ, ಪಾತಣ್ಣನ ಮನೆಯೋರೆಲ್ಲಾ ಹೊರಗೆ ಬಂದು ನೋಡ್ತಾರೆ, ಲೈಟು ಮಾತ್ರ ಊಹೂಂ! ಸರಿ, ನಿನ್ನ ಮನೆ ಹಾಳಾಗ ಅಂತ ಎದ್ದು ಒಳಗೆ ಹೊರಟ್ನಾ... ಆಗ ಹತ್ತುತ್ತೆ ಕಣ್ರಪ್ಪ! ನಾನು ಹೋಗೋವಾಗ! ತೊಲಗಿದ್ಯಾ, ಒಳ್ಳೇದಾತು, ಅಂದಂಗೆ! ಪಾತಣ್ಣನ ಹುಂಜಕ್ಕೆ ಹತ್ತುತ್ತೆ, ದೇವಸಮುದ್ರದ ಕಡೆ ಹೋಗೋ ಕುರಿ ಮಂದೆಗೆ ಒಂದೊಂದು ಕುರಿಗೂ ಹತ್ತುತ್ತೆ. ಅವೇನು ಹೆಸರು ಹೇಳ್ತಾವಾ? ಕುರಿಗಿರೋ ಮರ್ಯಾದೆ ನಂಗಿಲ್ವಾ?"

ಬಾಗಿಲಲ್ಲಿದ್ದವರು ನಕ್ಕರು. ನಾನು ಸ್ವಿಚ್ಚುಗಳ ಡಬ್ಬ ಜೋಡಿಸುವವನಂತೆ ಬೆನ್ನು ತಿರುಗಿಸಿದೆ.

"ಇಷ್ಟೇ ಆಗಿದ್ರೆ ನಾನು ಬಸ್ ಹತ್ತಿ ಬರ್ತಿರ್ಲಿಲ್ಲ." ಅಜ್ಜನ ದನಿ ಇಳಿಯಿತು. "ಹೋದ ಸೋಮವಾರ ಇವಳು ತೌರಿಗೆ ಹೋಗಿದ್ಲು. ಮನೇಲಿ ನಾನೊಬ್ನೇ. ಬೀದಿ ಗೇಟಿಗೆ ಚಿಲಕ. ಸಂಜೆ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಕೊಂಡು ನೇಯ್ತಿದ್ದೆ. ಸೀರೆ ಮುಗಿಯೋಕೆ ಇನ್ನು ಒಂದು ಗೇಣು... ಒಂದೇ ಗೇಣು... ಕಂಡಿಕೆ ಖಾಲಿ. ಬುಟ್ಟಿಗೆ ಕೈ ಹಾಕ್ತೀನಿ, ಬುಟ್ಟೀನೂ ಖಾಲಿ. ನಲವತ್ತಾರು ವರ್ಷ ಆ ಬುಟ್ಟಿ ಖಾಲಿಯಾಗಿದ್ದು ನಾನು ಕಂಡೋನಲ್ಲ. ಎಂಥಾ ಸಿಟ್ಟು ಬಂತು ಅಂತೀರಾ! ಬಿಟ್ಟು ಹೋದ್ಲಲ್ಲ, ಒಂದು ಮಾತು ಹೇಳ್ದೆ ಹೋದ್ಲಲ್ಲ, ನಾಳೆ ನಿನ್ನ ಬುಟ್ಟಿ ಯಾರು ತುಂಬ್ತಾರೆ ಅಂತ ಕೇಳ್ದೆ ಹೋದ್ಲಲ್ಲ... ಆ ಸಿಟ್ಟಿಗೆ ಕೂತಲ್ಲಿಂದ್ಲೇ ಕೂಗ್ದೆ. ಯರ್ರೀ... ಕಂಡಿಕೆ!"

"ಹೆಸರಿಡಿದು ಕರೆದ್ರಾ?" ಅಂದಳು ಜಯಕ್ಕ.

"ಅದೇ ಮೊದಲು ಕಣವ್ವ. ಮದುವೇಲಿ ಒಡಪು ಹೇಳು ಅಂತ ಹೆಂಗಸರೆಲ್ಲ ಕಾಡಿದಾಗ ಒಂದ್ಸಲ ಹೇಳಿದ್ದು ಬಿಟ್ರೆ, ಏ, ಲೇ, ಎಲ್ಲೋದೆ, ಇಷ್ಟರಲ್ಲೇ ಸಂಸಾರ ಮುಗೀತು. ಅವಳೋ ರಾಯದುರ್ಗದ ಕಡೆಯೋಳು. ಕರೆದ್ರೆ, ವಸ್ತಾಂಡಾ, ಬರ್ತಾ ಇದೀನಿ, ಅನ್ನೋಳು, ಕೈಲಿರೋ ಎಳೆ ಮುಗಿಯೋ ತನಕ ಬರ್ತಿರ್ಲಿಲ್ಲ. ಇರ್ಲಿ... ನಾನು ಕೂಗಿದ್ನಾ? ಜಗಲಿ ಲೈಟು ಫಳ್ ಅಂತ ಹತ್ತಿತು. ಲೈಟಿನ ಹಿಂದೇನೇ, ಅದರ ಪ್ಲಗ್ಗಿಗೆ ಸಿಗಿಸಿದ್ದ ಆ ಕಂಡಿಕೆ ಮೋಟಾರು, ಗರ್ರ್... ಅಂತ. ಒಂದು ನಿಮಿಷ ಓಡೋದು, ಆರೋದು. ಮತ್ತೆ ಹತ್ತೋದು, ಗರ್ರ್... ಗುಂಡಿಯಿಂದ ಮೊಣಕಾಲು ಬಿಡಿಸ್ಕೊಂಡು ಎದ್ದು ಹೋಗಿ ನೋಡ್ತೀನಿ, ಬುಟ್ಟೀಲಿ ಐದು ಕಂಡಿಕೆ!"

ತಗಡಿನ ಮೇಲೆ ಮಳೆ ಜೋರಾಯಿತು.

"ಈಗ ಹೇಳ್ರಿ!" ಅಜ್ಜ ಮೇಜು ಗುದ್ದಿದ. "ಬದುಕಿರೋ ಯಜಮಾನನ ಹೆಸರಿಗೆ ಹತ್ತದೆ ಇರೋದು, ಸತ್ತೋಳ ಹೆಸರಿಗೆ ಹತ್ತುತ್ತೆ! ಲೇ ವಿಶ್ವನಾಥ, ಬಿಲ್ಲು ನನ್ನ ಹೆಸರಿಗೆ ಬರೆದು, ಲೈಟು ಅವಳ ಹೆಸರಿಗೆ ಯಾಕೋ ಮಾಡ್ದೆ? ನಾನೇನು ಆ ಮನೇಲಿ ಬಾಡಿಗೆಗಿದೀನಾ? ನನ್ನ ಹೆಸರಿಗೆ ಹತ್ತೋ ಲೈಟು ಕೊಡ್ತೀಯೋ ಇಲ್ವೋ?"

ಅವನ ಕಣ್ಣಲ್ಲಿ ನೀರಿತ್ತು. ಸಿಟ್ಟಿನದು ಅಂದುಕೊಂಡೆ. ನನ್ನ ಕಿವಿ ಬಿಸಿಯಾಯಿತು. ಆ ಹೊತ್ತಿಗೆ ನನಗೆ ಯಾರ ದನಿಯೂ ಬರಲಿಲ್ಲ, ನನ್ನದೇ ದನಿಯಲ್ಲಿ ಹೇಳಬೇಕಾಯಿತು.

"ಅಜ್ಜ, ತಪ್ಪಾಯ್ತು. ಆವತ್ತು ನಾನು ತಮಾಷೆ ಮಾಡಿದ್ದೆ. ಆ ಲೈಟಿಗೆ ಕಿವಿನೇ ಇಲ್ಲ. ಎದುರು ಯಾರಾದ್ರೂ ಅಲ್ಲಾಡಿದ್ರೆ ಹತ್ತುತ್ತೆ, ಅಷ್ಟೇ. ನೀವು ಅಲ್ಲಾಡ್ದೆ ಕೂತಿದ್ರಿ, ಅದಕ್ಕೇ ಹತ್ತಲಿಲ್ಲ. ಸೋಮವಾರ ಬೆಕ್ಕೋ ಇಲಿಯೋ ಅಡ್ಡ ಬಂದಿರಬೇಕು."

"ಮತ್ತೆ ಕಂಡಿಕೆ?"

"ಮೋಟಾರು ತಾನೇ ಸುತ್ತಿರುತ್ತೆ."

"ಸುತ್ತಲ್ಲ," ಅಂದಳು ಪವಿತ್ರ. "ಮಾವಾ, ಅದು ಬರೀ ಕದಿರಿನ ಕಡ್ಡಿ ತಿರುಗಿಸ್ತೈತೆ. ಎಳೆ ಹಿಡಿದು ಆ ಕಡೆ ಈ ಕಡೆ ಆಡಿಸೋಕೆ ಕೈ ಬೇಕು. ತುಂಬಿದ್ದು ತೆಗೆದು ಹೊಸದು ಸಿಗಿಸೋಕೂ ಕೈ ಬೇಕು. ನಾನು ಬಂದು ನೋಡ್ದೆ, ಐದೂ ಸಮ ಹೊಟ್ಟೆ. ನನಗೆ ಇವತ್ತಿಗೂ ಹಂಗೆ ಬರಲ್ಲ. ಅದಕ್ಕೇ ಈ ಲೈಟು ಬ್ಯಾಡ ಅಂದಿದ್ದು."

"ನಲವತ್ತಾರು ವರ್ಷ ಕೈಗೆ ಬಂದ ಕಂಡಿಕೆ ಹೆಂಗೆ ಸುತ್ತುತಾರೆ ಅಂತ ನೋಡಿರ್ಲಿಲ್ವಾ ಯಜಮಾನ್ರು?" ಅಂದಳು ಜಯಕ್ಕ. "ಗಂಡಸರ ಮನೇಲಿ ಅನ್ನಾನೂ ತಾನೇ ಬೇಯ್ತೈತೆ."

ಅಜ್ಜ ನನ್ನ ಮುಖ ನೋಡಿದ, ಸೊಸೆಯ ಮುಖ ನೋಡಿದ.

"ಲೈಟಿಗೆ ಕಿವಿ ಇಲ್ಲ," ಅಂದ ನಿಧಾನಕ್ಕೆ.

"ಇಲ್ಲ ಅಜ್ಜ."

"ನಾನು ಒಳಗೆ ಗುಂಡೀಲಿ ಕೂತಿದ್ದೆ."

"ಹೌದು."

"ಹಂಗಾದ್ರೆ... ಕೇಳಿಸ್ಕೊಂಡಿದ್ದು ಲೈಟಲ್ಲ."

ಮೊದಲು ಅವನ ಭುಜ ಕುಲುಕಿತು, ಆಮೇಲೆ ಸ್ಟೂಲು. ಆಮೇಲೆ ಬಾಯಿ ತೆರೆದು ನಕ್ಕ ನೋಡಿ, ತಗಡಿನ ಮೇಲಿನ ಮಳೆಯೂ ಕೇಳಿಸದಷ್ಟು ಜೋರಾಗಿ. ನಾನೂ ಜೊತೆಗೆ ನಗಲು ನೋಡಿದೆ. ಬರಲಿಲ್ಲ. ಬಾಗಿಲಲ್ಲಿದ್ದವರೂ ನಗಲಿಲ್ಲ. ಜಯಕ್ಕ ಸೆರಗು ಹೊದ್ದುಕೊಂಡಳು.

ಅಜ್ಜ ಲೈಟನ್ನು ನನ್ನ ಮೇಜಿನಿಂದ ಕಿತ್ತುಕೊಂಡು ಬಗಲಿಗೆ ಸಿಕ್ಕಿಸಿದ.

"ಏಳವ್ವಾ ಪವಿತ್ರ, ತಳಕಿನ ಮೇಲೆ ಹೋಗೋ ಬಸ್ ತಪ್ಪುತ್ತೆ. ಬದಲಾಯಿಸೋದು ಗಿದಲಾಯಿಸೋದು ಏನೂ ಬ್ಯಾಡ. ಲೈಟು ಕಿತ್ಕೊಂಡು ಬಂದುಬಿಟ್ಟೀವಿ... ಪಾಪ, ಈಗ ಕತ್ತಲಲ್ಲೇ ಎಳೆ ತಡಕಾಡ್ತಾ ಕೂತಿರ್ತಾಳೆ. ಹೋದ ತಕ್ಷಣ ಬೈತಾಳೆ ನೋಡು!"

ಮಳೆಗೆ ಇಳಿದು, ರಸ್ತೆ ದಾಟಿ, ಬಸ್‌ಸ್ಟ್ಯಾಂಡಿನ ತಿರುವಿನ ತನಕವೂ ಆ ನಗು ಕೇಳಿಸುತ್ತಲೇ ಇತ್ತು.