ಶಾಲಿನ ಇನ್ನೊಂದು ತುದಿ

ವೇದಿಕೆಯ ನಡುವಿನ ಕುರ್ಚಿಯನ್ನು ಎಲ್ಲ ಅರ್ಥದಲ್ಲೂ ತುಂಬಿರುವ ಅಧ್ಯಕ್ಷರಾದ ರೈಲ್ವೆಯ ಹಾಲೇಶ ಅವರೇ, ಐದೇ ನಿಮಿಷ ಎಂದು ಈಗಾಗಲೇ ಕಣ್ಸನ್ನೆ ಮಾಡಿರುವ ಕಾರ್ಯದರ್ಶಿ ನಾಗವೇಣಿಯವರೇ, ಇಂದಿನ ಸನ್ಮಾನಿತೆ, ನನ್ನ ತಮ್ಮನ ಮಗಳು ಡಾಕ್ಟರ್ ಪ್ರಾರ್ಥನಾ, ಊಟದ ಘಮ ಮೂಗಿಗೆ ಬಂದರೂ ಕದಲದೆ ಕುಳಿತಿರುವ ಅಹಮದಾಬಾದಿನ ಕನ್ನಡ ಸಭಿಕರೇ, ಮತ್ತು ಮೂರನೆಯ ಸಾಲಿನಲ್ಲಿ ಕಂಬದ ಮರೆಗೆ ಕುಳಿತಿರುವ ಒಬ್ಬ ಸಭಿಕನೇ,

ನಾನು ಭಾಷಣಕಾರನಲ್ಲ, ಹೋಟೆಲಿನವನು. ಶಾಲು ಹೊದಿಸಿ ಇಳಿದುಬಿಡಬೇಕಿತ್ತು. ಆದರೆ ಪ್ರಾರ್ಥನಾ ಒಂದು ಷರತ್ತು ಹಾಕಿದ್ದಾಳೆ. "ಶಾಲಿನ ಒಂದು ತುದಿ ದೊಡ್ಡಪ್ಪ ಹಿಡೀಬೇಕು, ಇನ್ನೊಂದು ತುದಿ ಅಪ್ಪ. ಆಗೋದಿಲ್ಲಾಂದ್ರೆ ಶಾಲು ಬೇಡ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿ" ಎಂದಿದ್ದಾಳೆ. ಅವಳ ಅಪ್ಪ, ಅಂದರೆ ನನ್ನ ತಮ್ಮ ಹಯವದನ, ನನ್ನ ಎದುರಿಗೇ ಹೋಟೆಲು ತೆರೆದ ದಿನದಿಂದ ನನ್ನೊಡನೆ ಮಾತಾಡಿಲ್ಲ. ಆದ್ದರಿಂದ ಅವನು ಎದ್ದು ಬರುವವರೆಗೆ ನಾನು ಮಾತು ನಿಲ್ಲಿಸುವುದಿಲ್ಲ. ಊಟ ತಡವಾದರೆ ಯಾರ ಕಡೆ ನೋಡಬೇಕೆಂದು ಈಗ ನಿಮಗೆಲ್ಲ ಗೊತ್ತು.

ಇರಲಿ. ನಮ್ಮ ಪ್ರಾರ್ಥನಾಳ ಸಾಧನೆ ಏನು? ಅವಳು ಆಕ್ಟೋಪಸ್ಸುಗಳನ್ನು ಗುರುತು ಹಿಡಿಯುತ್ತಾಳೆ. ಇದೇನು ಮಹಾ, ಎಂಟು ಕೈ ಇದ್ದದ್ದೆಲ್ಲ ಆಕ್ಟೋಪಸ್ಸೇ ಅಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಕರಾವಳಿಯಲ್ಲಿ ಹುಟ್ಟಿದವನು ನಾನು, ನನಗೆ ಸಮುದ್ರದ ಪಾಠ ಹೇಳುತ್ತೀಯಾ ಎಂದೂ ಗದರಿದ್ದೆ. ಅವಳು ನಕ್ಕು, "ದೊಡ್ಡಪ್ಪ, ನೀವು ಸಮುದ್ರ ನೋಡಿದ್ದು ಬಸ್ಸಿನ ಕಿಟಕಿಯಿಂದ" ಎಂದಳು. ನಿಜವೇ.

ಸೌರಾಷ್ಟ್ರದ ಕಡಲಿನಲ್ಲಿ ನೀರು ಇಳಿದಾಗ ಬಂಡೆಗಳ ನಡುವೆ ಹೊಂಡಗಳು ಉಳಿಯುತ್ತವಂತೆ. ಇವಳು ಮೊಣಕಾಲವರೆಗೆ ಪ್ಯಾಂಟು ಮಡಚಿ ಅಲ್ಲಿಗೆ ಹೋಗುತ್ತಾಳೆ. ಆಕ್ಟೋಪಸ್ಸಿನ ಕೈಯೊಂದರ ತುದಿಯಿಂದ ಚೂರೇ ಚೂರು ತೆಗೆದು ಪ್ರಾಣಿಯನ್ನು ಹಿಂದಕ್ಕೆ ಬಿಡುತ್ತಾಳೆ. ಆ ತುದಿ ಮತ್ತೆ ಬೆಳೆಯುತ್ತದಂತೆ. ಚೂರು ವಡೋದರಾದ ಪ್ರಯೋಗಾಲಯಕ್ಕೆ ಹೋಗಿ, ಅದರ ಡಿಎನ್‌ಎ ಓದಿಸಿಕೊಂಡು ಬರುತ್ತದೆ. ಹೀಗೆ ಓದಿದಾಗ ತಿಳಿದದ್ದೇನು? ಎಲ್ಲರೂ ಒಂದೇ ಜಾತಿ ಎಂದು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದ ಆಕ್ಟೋಪಸ್ಸು ವಾಸ್ತವದಲ್ಲಿ ಎರಡು ಜಾತಿ. ನೋಡಲು ಅವಳಿ-ಜವಳಿ, ಒಳಗೆ ಸಂಬಂಧವೇ ದೂರ.

ಸಭಿಕರೇ, ಇದನ್ನು ಕೇಳಿ ನನಗಾದ ಆನಂದವನ್ನು ಹೇಗೆ ವರ್ಣಿಸಲಿ? ನಮ್ಮ ಸ್ಯಾಟಲೈಟ್ ಬಡಾವಣೆಯಲ್ಲಿ ರಸ್ತೆಯ ಈಚೆ ನನ್ನ 'ಜನಾರ್ದನ ಉಡುಪಿ ಭವನ', ಆಚೆ ಅವನ 'ಜನಾರ್ದನ ಉಡುಪಿ ಭವನ'. ನಡುವೆ ಡಿವೈಡರ್. ಎರಡೂ ಬೋರ್ಡಿನ ಕೆಳಗೆ 'ನಮಗೆ ಬೇರೆ ಶಾಖೆಗಳಿಲ್ಲ' ಎಂದು ಕೆಂಪು ಅಕ್ಷರ. ಗಿರಾಕಿಗಳು ಬಂದು "ಕಾಕಾ, ಬನ್ನೇ ಏಕ್ ಜ ಛೇ ನೇ?" ಎನ್ನುತ್ತಾರೆ. ಎರಡೂ ಒಂದೇ ಅಲ್ಲವೇ ಅಂತ! ಅಲ್ಲ ಸ್ವಾಮಿ, ಅಲ್ಲವೇ ಅಲ್ಲ. ನಮ್ಮಮ್ಮ ಸಾಂಬಾರಿಗೆ ನೆಲ್ಲಿಕಾಯಿ ಗಾತ್ರದ ಬೆಲ್ಲ ಹಾಕುತ್ತಿದ್ದಳು. ಊರಿಗೆ ತಕ್ಕಂತೆ ಬದಲಾಗಬೇಕು ಅಂತ ಹಯವದನ ತೆಂಗಿನಕಾಯಿ ಗಾತ್ರಕ್ಕೆ ಏರಿಸಿದ. ನಾವು ಬೇರೆಯಾದದ್ದು ಆಸ್ತಿಗಲ್ಲ, ಬೆಲ್ಲಕ್ಕೆ.

"ನೋಡಿದೆಯಾ ಮಗೂ, ವಿಜ್ಞಾನವೂ ನನ್ನ ಕಡೆಯೇ" ಎಂದೆ. ಅವಳು "ಇನ್ನೊಂದು ರಿಸಲ್ಟ್ ಉಂಟು ದೊಡ್ಡಪ್ಪ" ಎಂದಳು. ಒರಟು ಮೈಯ ಕಂದು ಬಣ್ಣದ್ದೊಂದು, ನುಣುಪು ಮೈಯ ಬಿಳುಚಿದ್ದೊಂದು, ಪುಸ್ತಕದಲ್ಲಿ ಎರಡು ಹೆಸರು. ಡಿಎನ್‌ಎ ನೋಡಿದರೆ ಒಂದೇ ಜಾತಿ. ಸಿಟ್ಟು ಬಂದಾಗ ಮೈಯೆಲ್ಲ ಮುಳ್ಳೆಬ್ಬಿಸಿಕೊಂಡು ಕೂರುತ್ತದೆ, ಅಷ್ಟೇ. ಹೀಗೆ ಹೇಳಿ ಅವಳು ನನ್ನನ್ನೇ ಬಹಳ ಹೊತ್ತು ನೋಡಿದಳು. ಯಾಕೋ ಗೊತ್ತಿಲ್ಲ.

ನಾನೂ ಬಿಡುವವನಲ್ಲ. ಎರಡು ಡಬ್ಬಿಗಳಲ್ಲಿ ಎರಡು ಹೋಟೆಲಿನ ಸಾಂಬಾರು ತುಂಬಿಸಿ, ಇದನ್ನೂ ಓದಿಸು ಎಂದು ಕೊಟ್ಟೆ. ಆಚೆಯ ಸಾಂಬಾರು ನನಗೆ ಹೇಗೆ ಸಿಕ್ಕಿತು ಎಂದು ನೀವು ಕೇಳಬಾರದು. ನಮ್ಮ ಸಪ್ಲೈಯರ್ ಸಂತೋಷ ಪ್ರತಿ ಗುರುವಾರ ಅಂಗಿ ಬದಲಿಸಿ ಹೋಗಿ ಪಾರ್ಸೆಲ್ ತರುತ್ತಾನೆ. ಅದು ಕೇವಲ ಮಾರುಕಟ್ಟೆಯ ಅಧ್ಯಯನ. ನನ್ನ ಹೆಂಡತಿ ಪಾರ್ವತಿ ಮಾತ್ರ, "ಗುರುವಾರ ಒಂದೇ ದಿನ ನೀವು ಎರಡನೇ ಸಲ ಅನ್ನ ಕೇಳೋದು" ಎನ್ನುತ್ತಾಳೆ. ಹೆಂಗಸರಿಗೆ ಅಧ್ಯಯನದ ಗಂಭೀರತೆ ತಿಳಿಯುವುದಿಲ್ಲ.

ಫಲಿತಾಂಶ ಬಂತು. "ಎರಡರಲ್ಲೂ ತೊಗರಿ, ನುಗ್ಗೆ, ಹುಣಸೆ, ಕೊತ್ತಂಬರಿ. ಸೇಮ್ ಸ್ಪೀಷೀಸ್, ದೊಡ್ಡಪ್ಪ."

"ಬೆಲ್ಲ?"

"ಬೆಲ್ಲ ಕಾಸುವಾಗಲೇ ಡಿಎನ್‌ಎ ಎಲ್ಲ ಹೋಗಿರುತ್ತೆ. ಅದರಲ್ಲಿ ಓದೋಕೆ ಏನೂ ಉಳಿದಿಲ್ಲ."

ಯೋಚಿಸಿ ಸಭಿಕರೇ. ಇಷ್ಟು ವರ್ಷ ಯಾವುದಕ್ಕಾಗಿ ಡಿವೈಡರಿನ ಎರಡು ಬದಿಗೆ ನಿಂತು ಮುಳ್ಳೆಬ್ಬಿಸಿಕೊಂಡೆವೋ, ಅದು ಇಂಥ ದೊಡ್ಡ ಯಂತ್ರದ ಕಣ್ಣಿಗೂ ಬೀಳಲಿಲ್ಲ. ಇನ್ನೂ ಒಂದು ಮಾತು, ಇದು ಈ ಸಭಾಂಗಣ ದಾಟಬಾರದು: ಹೋದ ದೀಪಾವಳಿಯಿಂದ ನನ್ನ ಅಡಿಗೆಯವರೂ ಬೆಲ್ಲವನ್ನು ನಿಂಬೆಹಣ್ಣಿನ ಗಾತ್ರಕ್ಕೆ ಏರಿಸಿದ್ದಾರೆ. ನಾನು ನೋಡಿಯೂ ನೋಡದಂತಿದ್ದೇನೆ.

ಈ ಶಾಲನ್ನು ನೋಡಿ. ಮೈಸೂರು ರೇಷ್ಮೆ ಎಂದು ನಾಗವೇಣಿಯವರು ಘೋಷಿಸಿದರು. ಸೂರತ್ತಿನ ಪಾಂಡೇಸರಾದಲ್ಲಿ ಬಣ್ಣ ಹಾಕಿದ್ದು ಇದು, ಅಂಚಿನಲ್ಲಿ ಮುದ್ರೆಯೇ ಇದೆ. ಆದರೂ ಬೆಚ್ಚಗಿದೆ, ಹೊದೆಯುವವಳಿಗೆ ಅಷ್ಟು ಸಾಕು. ಒಂದೇ ತೊಂದರೆ, ಬಹಳ ಉದ್ದ. ಒಬ್ಬನೇ ಹಿಡಿದರೆ ಇನ್ನೊಂದು ತುದಿ ನೆಲ ಗುಡಿಸುತ್ತದೆ.

ಹಯವದನಾ, ನಾಳೆ ಬೆಳಿಗ್ಗೆ ನನ್ನ ಬೋರ್ಡಿನ ಕೆಂಪು ಸಾಲಿಗೆ ಬಣ್ಣ ಬಳಿಸುತ್ತೇನೆ. ಶಾಖೆ ಉಂಟೋ ಇಲ್ಲವೋ, ಅದನ್ನು ಗಿರಾಕಿಗಳೇ ತೀರ್ಮಾನಿಸಲಿ. ನಿನ್ನ ಬೋರ್ಡು ನಿನ್ನಿಷ್ಟ.

ಸಭಿಕರೇ, ದಯವಿಟ್ಟು ಯಾರೂ ಹಿಂದಿರುಗಿ ನೋಡಬೇಡಿ. ಅವನು ಎದ್ದಿದ್ದಾನೆ. ಬಾಗಿಲಿಗೋ, ವೇದಿಕೆಗೋ ತಿಳಿಯುತ್ತಿಲ್ಲ. ಹಾಲೇಶರೇ, ಸ್ವಲ್ಪ ಕಾಲು ಮಡಚಿಕೊಳ್ಳಿ, ದಾರಿ ಬಿಡಿ... ಹಾಂ. ಬಾ ಮಾರಾಯ, ಆ ತುದಿ ಹಿಡಿ. ಏನು? ಜೋರಾಗಿ ಹೇಳು, ಎಲ್ಲರೂ ಕೇಳಲಿ.

ಸಂತೋಷ ಅಂಗಿ ಬದಲಿಸುವುದು ಬೇಡವಂತೆ. ಮೊದಲನೇ ಗುರುವಾರದಿಂದಲೇ ಇವನಿಗೆ ಗೊತ್ತಂತೆ. ಅದಕ್ಕೇ ಗುರುವಾರ ಬೆಲ್ಲ ಕಡಿಮೆ ಹಾಕಿಸುತ್ತಿದ್ದನಂತೆ.

ನನ್ನ ಮಾತು ಮುಗಿಯಿತು. ತಾಳ್ಮೆಯಿಂದ ಹಸಿದುಕೊಂಡಿದ್ದ ನಿಮಗೆಲ್ಲ ಧನ್ಯವಾದ. ಕೈ ಮುಗಿಯೋಣವೆಂದರೆ ಎರಡೂ ಕೈಯಲ್ಲಿ ಶಾಲಿದೆ. ಪ್ರಾರ್ಥನಾಳ ಪ್ರಾಣಿಯಾಗಿದ್ದರೆ ಇನ್ನೂ ಆರು ಉಳಿದಿರುತ್ತಿದ್ದವು. ಸದ್ಯಕ್ಕೆ ಬಾಯಿಮಾತಿನಲ್ಲೇ, ನಮ್ಮಿಬ್ಬರ ನಮಸ್ಕಾರ.