ಹೆಸರಿಲ್ಲದ ಎರಡು ಬಟನ್‌ಗಳು

ಹಲ್ಲುನೋವಿಗೆಂದು ಆಸ್ಪತ್ರೆಗೆ ಬಂದು ಸರದಿ ಕಾಯುತ್ತಿದ್ದ ಎಂಜಿನಿಯರನಿಗೆ ಹಿಂದಿನ ಬೆಂಚಿನ ಮಾತು ಕಿವಿಗೆ ಬಿತ್ತು. ಕಣ್ಣು ಕಾಣದ ಹೆಂಗಸೊಬ್ಬಳು, ಪಕ್ಕದಲ್ಲಿ ಅವಳ ಅತ್ತಿಗೆ.

“ಇವತ್ತೇ ಅಲ್ವೇನೇ ನಿನ್ನ ಕಿವಿ ಆಪರೇಷನ್ನು? ಲಿಸ್ಟಲ್ಲಿ ಹೆಸರೇ ಇಲ್ಲ ಅಂತಾರಲ್ಲ.”

“ನಾನೇ ಕ್ಯಾನ್ಸಲ್ ಮಾಡಿದೀನಂತೆ, ಅತ್ತಿಗೆ.”

“ನಿಂಗೇನು ತಲೆ ಕೆಟ್ಟಿತ್ತಾ?”

“ಬರ್ತೀರಾ ಇಲ್ವಾ ತಿಳಿಸಿ ಅಂತ ಆಸ್ಪತ್ರೆ ಆ್ಯಪಲ್ಲಿ ಬಂತು. ನನ್ನ ಫೋನು ಎಲ್ಲಾನೂ ಓದಿ ಹೇಳುತ್ತೆ. ಅಲ್ಲಿದ್ದ ಎರಡಕ್ಕೆ ಮಾತ್ರ ಬರೀ ‘ಬಟನ್, ಬಟನ್’ ಅಂತು.”

“ಆಮೇಲೆ?”

“ಒಂದನ್ನ ಒತ್ತಿದೆ. ಅದೇ ಬರಲ್ಲ ಅನ್ನೋದಂತೆ.”

ಎಂಜಿನಿಯರ್ ತಟ್ಟನೆ ತಿರುಗಿ ನೋಡಿದ. ಆ ಆ್ಯಪ್ ಮಾಡಿದವನು ಅವನೇ. ರೈಟ್ ಮಾರ್ಕು, ಇಂಟು ಮಾರ್ಕು ಹಾಕಿದರೆ ಯಾರಿಗಾದರೂ ತಿಳಿಯುತ್ತದೆ ಎಂದುಕೊಂಡು ಆ ಬಟನ್‌ಗಳಿಗೆ ಫೋನು ಓದಿ ಹೇಳುವಂಥ ಹೆಸರನ್ನೇ ಕೊಟ್ಟಿರಲಿಲ್ಲ.

“ಇನ್ನು ಯಾವಾಗಂತೆ?”

“ನಾಲ್ಕು ತಿಂಗಳಾಗುತ್ತಂತೆ. ಅಷ್ಟರೊಳಗೆ ಸ್ವಲ್ಪ ಕೇಳೋ ಈ ಕಿವಿನೂ ಹೋಗುತ್ತೆ ಅಂದಿದ್ರು ಡಾಕ್ಟ್ರು.”

ಅತ್ತಿಗೆ ಅವಳ ಕೈ ಹಿಡಿದುಕೊಂಡಳು. ಆಮೇಲೆ, “ನಡಿ, ಕಂಪ್ಲೇಂಟ್ ಕೊಡೋಣ,” ಎಂದಳು.

“ಅದನ್ನೂ ಆ್ಯಪಲ್ಲೇ ಕೊಡ್ಬೇಕಂತೆ.”

ಎಂಜಿನಿಯರ್ ಎದ್ದು ಅವರ ಮುಂದೆ ಹೋಗಿ ನಿಂತ. “ಅಮ್ಮಾ, ಆ ಆ್ಯಪ್ ಮಾಡಿದ್ದು ನಾನು. ತಪ್ಪು ನಂದು. ಡಾಕ್ಟ್ರ ಹತ್ರ ನಾನೇ ಬಂದು ಹೇಳ್ತೀನಿ.”

ಅವಳು ತಲೆ ವಾಲಿಸಿ ಕೇಳುವ ಕಿವಿಯನ್ನು ಅವನತ್ತ ತಿರುಗಿಸಿದಳು.

“ಸ್ವಲ್ಪ ಜೋರಾಗಿ ಹೇಳಪ್ಪ. ಕೇಳಿಸ್ಲಿಲ್ಲ.”

ಜನ ತುಂಬಿದ ಹಾಲ್‌ನಲ್ಲಿ ಅವನು ಅದನ್ನೇ ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ಮೂವರೂ ಡಾಕ್ಟರ ಕೋಣೆಯತ್ತ ನಡೆದರು.