ರಬ್ಬರ್ ಪೈಪಿನ ರಕ್ತನಾಳ

...ಏಳಬ್ಯಾಡ ಅಪ್ಪಾ, ಹಂಗಽ ಮಲ್ಕೋ! ಇನ್ನೊಮ್ಮೆ ನೋಡೋಣಂತ. ಕಾಲಾಗಿನ ರಕ್ತ ನೋಡೋ ಈ ಸ್ಕ್ಯಾನ್ ಮಶೀನ್ದಽ ತಪ್ಪಿರತದ. ಪುಣೇದ ದವಾಖಾನಿ ದವಾಖಾನಿ ತಿರುಗಿ ಇವನ್ನ ತಪಾಸ ಮಾಡೋದಽ ನನ್ನ ಕೆಲಸ. ಯಾವ ಮಶೀನ್ ಖರೇ ಹೇಳತದ, ಯಾವುದು ಸುಳ್ಳು, ನನಗ ಗೊತ್ತಾಗೂದಿಲ್ಲೇನು?

ಯಾಕ ನಗತೀ? ಈ ಡಬ್ಬಿ ನೋಡೇನು? ನಗು, ನಗು. ಅವ್ವನೂ ಹಿಂಗಽ ನಗತಾಳ, 'ನಮ್ಮ ಮಾಧುರಿ ಜೆಲ್ಲಿ ಡಬ್ಬಿ ಕಟಗೊಂಡು ಸ್ಕೂಟರ್ ಮ್ಯಾಲೆ ಹೊಂಟ್ಲು' ಅಂತ. ಜೆಲ್ಲಿ ಅಂದ್ರ ಮಾಂಸ ಇದ್ದಂಗ. ಒಳಗ ಈ ರಬ್ಬರ್ ಪೈಪ್ ಅದ ಅಲಾ, ಇದು ರಕ್ತನಾಳ. ಖರೇದಲ್ಲ, ಮಾಡಿದ್ದು. ಪಂಪ್ ಚಾಲೂ ಮಾಡಿದ್ರ ಒಳಗಿನ ನೀರು ರಕ್ತದಂಗ ಹರೀತದ. ಎಷ್ಟು ಜೋರು ಹರೀತದಂತ ನಮಗ ಮೊದಲಽ ಗೊತ್ತಿರತದ. ಮಶೀನ್ ಅಷ್ಟಽ ತೋರಿಸಿದ್ರ ಛಲೋ ಅದ. ಇಲ್ಲಾಂದ್ರ ಕೆಟ್ಟದ.

ನೋಡು, ಡಬ್ಬಿಗೆ ಮಶೀನ್ ಹಚ್ಚಿದೆ. ಪಡದಾ ಮ್ಯಾಲೆ ಕೆಂಪು ಬಂತು, ಅಂದ್ರ ಹರೀಲಿಕತ್ತದ... ಇಲ್ಲೆ ಪೈಪ್ ಬೇಕಂತಽ ಸಣ್ಣ ಮಾಡ್ಯಾರ. ಅದನ್ನೂ ಹಿಡೀತು. ಬರೋಬ್ಬರಿ ಹಿಡೀತು...

ಹಂಗ್ಯಾಕ ನೋಡತೀ? ಒಮ್ಮೆ ಬರೋಬ್ಬರಿ ತೋರಿಸಿದ್ರ ಆತೇನು? ಕರೆಂಟ್ ಹೆಚ್ಚುಕಡಿಮಿ ಆಗತದ. ಇರು, ಇನ್ನೊಮ್ಮೆ. ...ಬರೋಬ್ಬರಿ. ತಡಿ, ಪೈಪ್ ಬದಲಿ ಮಾಡತೀನಿ. ...ಇದೂ ಬರೋಬ್ಬರಿ.

ಏನು? ಡಾಕ್ಟರೇನು? ಏನಂತಾರ, 'ನೋಡೋಣ' ಅಂದ್ರು. ಹೊರಗ ಅಷ್ಟೊತ್ತು ಮಶೀನ್ ಬಗ್ಗೆನಽ ಮಾತಾಡಿದ್ವಿ ಅಪ್ಪಾ! ಸಕ್ಕರಿ ಬ್ಯಾನಿ ಇದ್ದವರಿಗೆ ಕಾಲು ತಣ್ಣಗಾಗೋದು ಇದ್ದದ್ದಽ ಅಂದ್ರು. ಜನ್ಮ ಪೂರಾ ಲಕ್ಷ್ಮೀ ರೋಡಿನ ಅಂಗಡ್ಯಾಗ ನಿಂತು ಸೀರಿ ಬಿಚ್ಚಿ ಬಿಚ್ಚಿ ತೋರಿಸಿದ ಕಾಲು... ದಣದದ, ಅಷ್ಟಽ. ದೀಪಾವಳಿ ಗಿರಾಕಿ ಬರೂದ್ರಾಗ ಮತ್ತ ಎದ್ದು ನಿಂದ್ರತೀ.

ಇಲ್ಲ, ನಾ ಅಳೂದಿಲ್ಲ. ಅಳು ಬರವಲ್ದು. ಎದಿಯಾಗ ಹತ್ತಿ ತುರುಕಿದಂಗ ಆಗೇದ. ಏನೂ ಅನಸವಲ್ದು.

ಕಾಲು ಚಾಚು. ಹಚ್ಚೋ ಜೆಲ್ ಭಾಳ ತಣ್ಣಗದ, ಬೆಚ್ಚಬ್ಯಾಡ... ಬೆಚ್ಚಲಿಲ್ಲ ನೀ. ತೊಡಿಯಾಗ ಕೆಂಪು ಅದ. ಮೊಣಕಾಲತನಾ ಅದ. ಕೆಳಗ... ಕೆಳಗ ಕರ್ರಗ. ಪೂರಾ ಕರ್ರಗ.

ಅಪ್ಪಾ, ಕಾಲ ಕಡೆ ನೋಡಬ್ಯಾಡ. ಮ್ಯಾಲೆ ಫ್ಯಾನ್ ನೋಡು. ನಿನ್ನ ಹೆಬ್ಬೆರಳು ಹಿಡದೀನೋ ಇಲ್ಲೋ, ಹೇಳು. ...ಹೇಳಪಾ. ಉಗುರು ಊರಲಿಕತ್ತೀನಿ. ಗಟ್ಟಿ ಊರಲಿಕತ್ತೀನಿ. 'ಬಿಡಽ ಹುಡುಗಿ, ನೋಯತದ' ಅನ್ನು. ಒಮ್ಮೆ ಬೈ ನನಗ...

ಅಪ್ಪಾ?

...ನಾಳೆ ಮುಂಜಾನೆ ಅಂದಾರ. ಮೊಣಕಾಲಿನ ಕೆಳಗಿನ ಕಾಲು ತಗೀತಾರಂತ.